ಒಂದು ಸಾಲಿನ ಬಿಲ್ಲು ಸಾಲದು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್, ಕ್ಲಿನಿಕ್ಕುಗಳ ವೈದ್ಯರಿಗೆ ಮತ್ತು ಅಲ್ಲಿ ಬಿಲ್ ಕೌಂಟರಿನಲ್ಲಿ ಕುಳಿತಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಾನು ಡಾಕ್ಟರನಲ್ಲ, ವಕೀಲನೂ ಅಲ್ಲ. ಹಳ್ಳಿಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. 2003ರಲ್ಲಿ ಸಹಕಾರಿ ಸಂಘದ ಸದಸ್ಯರಿಗೆಂದು ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ವರ್ಷದ 60 ರೂಪಾಯಿ ಕಟ್ಟಿಸಿಕೊಂಡು ಸದಸ್ಯರ ಹೆಸರು ಬರೆದವರಲ್ಲಿ ನಾನೂ ಒಬ್ಬ. ಅಂದಿನಿಂದ ಆಸ್ಪತ್ರೆಯ ಕಾಗದಗಳ ಜೊತೆ ನನಗೆ ಬಿಡದ ನಂಟು. ನಿವೃತ್ತಿಯಾದ ಮೇಲೆ ಅದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನೆರೆಕರೆಯವರು ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ವಿಮಾ ಕಂಪೆನಿಯ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಜಗಲಿಗೆ ಬರುತ್ತಾರೆ. ಕನ್ನಡಕ ಹಾಕಿಕೊಂಡು ಓದಿ, ಯಾರಿಗೆ ಏನು ಬರೆಯಬೇಕೋ ಬರೆದುಕೊಡುತ್ತೇನೆ.

ಹಾಗೆ ಬಂದ ಕಾಗದಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ದೊಡ್ಡ ಆಪರೇಷನ್ನುಗಳ ಬಿಲ್ಲಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿದರೆ, ಸೊಂಟದ ಮೂಳೆ ಜೋಡಿಸಿದರೆ ನೀವು ಪುಟಗಟ್ಟಲೆ ಬರೆದಿರುತ್ತೀರಿ. ಕಾಡಿದ್ದು ಚರ್ಮದ ಮೇಲಿನ ಸಣ್ಣ ಸಂಗತಿಗಳು. ಬೆನ್ನಿನ ಗಂಟು, ಕುತ್ತಿಗೆಯ ನರೋಲಿ, ಅಂಗಾಲಿನ ಆಣಿ, ರೆಪ್ಪೆಯ ಪಕ್ಕದ ಮಚ್ಚೆ, ವಾಸಿಯಾಗದ ಬೊಕ್ಕೆ. ಇಪ್ಪತ್ತು ನಿಮಿಷದ ಕೆಲಸ, ಎರಡು ಹೊಲಿಗೆ, ಮನೆಗೆ ನಡೆದುಕೊಂಡೇ ಹೋಗಬಹುದು. ಅದಕ್ಕೆ ನೀವು ಕೊಡುವ ಬಿಲ್ಲಿನಲ್ಲಿ ಇರುವುದು ಒಂದೇ ಸಾಲು: ‘ಮೈನರ್ ಪ್ರೊಸೀಜರ್’. ಮುಂದೆ ಒಂದು ಮೊತ್ತ. ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿನ ಬಗ್ಗೆ.

ನಮ್ಮ ಕೃಷಿಕ ಅಡಿಕೆ ಮಾರಲು ಹೋದಾಗ ಏನಾಗುತ್ತದೆ ನೋಡಿ. ಕ್ಯಾಂಪ್ಕೋದ ಶಾಖೆಗಿರಲಿ, ಪೇಟೆಯ ಅಂಗಡಿಗಿರಲಿ, ಗೋಣಿ ಇಳಿಸಿದ ಮೇಲೆ ಎಲ್ಲವನ್ನೂ ಸೇರಿಸಿ ‘ಅಡಿಕೆ, ಇಷ್ಟು ರೂಪಾಯಿ’ ಎಂದು ಬರೆದುಕೊಟ್ಟರೆ ಯಾರಾದರೂ ಒಪ್ಪುತ್ತಾರೆಯೇ? ಹಳತು ಬೇರೆ, ಹೊಸತು ಬೇರೆ. ಪಟೋರ ಬೇರೆ, ಉಳ್ಳಿ ಬೇರೆ, ಕೋಕ ಬೇರೆ, ಕರಿಗೋಟು ಬೇರೆ. ಒಂದೊಂದಕ್ಕೂ ತೂಕ, ಒಂದೊಂದಕ್ಕೂ ದರ. ಚೀಟಿಯಲ್ಲಿ ತಪ್ಪಿದ್ದರೆ ಅಲ್ಲೇ ನಿಂತು ಕೇಳುತ್ತಾರೆ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಕೆಲಸಕ್ಕೆ ಅಡಿಪಾಯ ಹಾಕಿ ನೂರು ವರ್ಷ ಕಳೆದ ಈ ಮಣ್ಣಿನಲ್ಲಿ, ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ವಿವರ ಬರೆಯುವುದು ಯಾರಿಗೂ ಹೊಸತಲ್ಲ. ತೋಟದಿಂದ ಬಂದ ಕಾಯಿಗೆ ಆರು ಹೆಸರಿಟ್ಟವರು ನಾವು. ಅದನ್ನು ಬೆಳೆದವನ ಮೈಯಿಂದ ಕತ್ತರಿಸಿ ತೆಗೆದ ತುಂಡಿಗೆ ಮಾತ್ರ ಹೆಸರಿಲ್ಲ, ಅಳತೆಯಿಲ್ಲ, ಜಾಗ ಯಾವುದೆಂದೂ ಇಲ್ಲ.

ಮೊದಲು ಮನೆಯದೇ ಒಂದು ಸಂಗತಿ ಹೇಳುತ್ತೇನೆ.

ನನ್ನ ಅತ್ತಿಗೆಗೆ ಎಡಕಿವಿಯ ಹಿಂದೆ ಒಂದು ಗಂಟು. ವರ್ಷಗಳಿಂದ ಇತ್ತು, ನೋವಿರಲಿಲ್ಲ. ಚರ್ಮದ ತೊಂದರೆ ಎಂದರೆ ನಮ್ಮ ಕಡೆ ಮೊದಲ ಹರಕೆ ಸುಬ್ರಹ್ಮಣ್ಯನಿಗೆ, ಅದೂ ಆಯಿತು. ಆಮೇಲೆ ಅದು ಕೀವಾಗತೊಡಗಿತು. ಒಂದೇ ವರ್ಷದಲ್ಲಿ ಮೂರು ಸಲ ಊದಿಕೊಂಡಿತು, ಮೂರು ಸಲ ಮಾತ್ರೆ. ಕೊನೆಗೆ ಡಾಕ್ಟರು ‘ಚೀಲ ಸಮೇತ ತೆಗೆಯದೆ ಇದು ನಿಲ್ಲುವುದಿಲ್ಲ ಅಮ್ಮಾ’ ಎಂದರು. ಸರಿಯಾದ ಮಾತು. ಚೆನ್ನಾಗಿಯೇ ತೆಗೆದರು, ಗಾಯ ಗುಣವಾಯಿತು, ಮತ್ತೆ ಬರಲಿಲ್ಲ. ಅವರ ಕೈಗುಣದ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಗೌರವವಿದೆ.

ಬಿಲ್ಲು ಬಂತು. ಪ್ರೊಸೀಜರಿಗೆ 6,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 1,080, ಒಟ್ಟು 7,080. ಮಗ ಮಾಡಿಸಿಟ್ಟಿದ್ದ ಆರೋಗ್ಯ ವಿಮೆಗೆ ಅರ್ಜಿ ಹಾಕಿದೆವು. ‘ಸೌಂದರ್ಯ ಚಿಕಿತ್ಸೆಗೆ ವಿಮೆ ಅನ್ವಯಿಸುವುದಿಲ್ಲ’ ಎಂಬ ಉತ್ತರ ಬಂತು. ಎಪ್ಪತ್ತು ದಾಟಿದ ಹೆಂಗಸಿಗೆ ಕಿವಿಯ ಹಿಂದೆ ಎಂಥ ಸೌಂದರ್ಯ ಚಿಕಿತ್ಸೆ! ಆ ಕಾಗದವನ್ನು ಅತ್ತಿಗೆಗೆ ಓದಿ ಹೇಳಲು ನನಗೆ ನಾಚಿಕೆಯಾಯಿತು. ಆಸ್ಪತ್ರೆಗೆ ಹೋಗಿ ವಿಚಾರಿಸಿದಾಗ ಕೌಂಟರಿನ ಹುಡುಗಿ ಪಾಪ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಅವರ ಸಾಫ್ಟ್‌ವೇರಿನಲ್ಲಿ ಚರ್ಮದ ಯಾವ ಕೆಲಸವಾದರೂ ‘ಸ್ಕಿನ್ ಅಂಡ್ ಕಾಸ್ಮೆಟಿಕ್’ ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತದೆ. ಆ ತಲೆಬರಹದ ಕೆಳಗಿನ ಏನನ್ನು ಒತ್ತಿದರೂ ತೆರಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಅವಳು ಒತ್ತಿದ್ದು ಅಲ್ಲಿದ್ದ ಒಂದೇ ಗುಂಡಿಯನ್ನು. ಅವಳದು ತಪ್ಪೆಂದು ನಾನು ಹೇಗೆ ಹೇಳಲಿ?

ಆದರೆ ಆ ಒಂದು ಶಬ್ದದ ಬೆಲೆ ನೋಡಿ. ರೋಗಕ್ಕೆ ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಅಂದಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಇದೆ. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ ಅಥವಾ ಪೆಟ್ಟಿನಿಂದಾದ ವಿಕಾರವನ್ನು ಸರಿಪಡಿಸುವುದಾದರೆ ಅದಕ್ಕೂ ಇಲ್ಲ. ವಿಮೆಯ ನಿಯಮವೂ ಹೀಗೆಯೇ. ರೂಪ ಬದಲಿಸುವ ಚಿಕಿತ್ಸೆಯನ್ನು ವಿಮೆ ಹೊರಗಿಡುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಮರುಜೋಡಣೆಯಾದರೆ, ಇಲ್ಲವೇ ಆರೋಗ್ಯಕ್ಕಿರುವ ನೇರವಾದ, ತಕ್ಷಣದ ಅಪಾಯವನ್ನು ತೆಗೆಯಲು ಮಾಡಿದ್ದಾದರೆ ಒಳಗೆ ಸೇರಿಸುತ್ತದೆ. ಅಂಥ ಅಗತ್ಯವಿತ್ತು ಎಂದು ಚಿಕಿತ್ಸೆ ಮಾಡಿದ ವೈದ್ಯರೇ ದೃಢೀಕರಿಸಬೇಕು ಎಂದೂ ಆ ನಿಯಮದಲ್ಲಿದೆ. ಅಂದರೆ ಬಾಗಿಲ ಕೀಲಿಕೈ ಇರುವುದು ನಿಮ್ಮ ಪೆನ್ನಿನಲ್ಲಿ.

ನಮ್ಮ ಡಾಕ್ಟರು ಒಳ್ಳೆಯವರು. ನಾನು ಕೇಳಿದ್ದಕ್ಕೆ ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು: ಎಡಕಿವಿಯ ಹಿಂದೆ ಮೂರು ಸೆಂಟಿಮೀಟರಿನ ಗಂಟು, ಮೂರು ಸಲ ಕೀವಾಗಿತ್ತು, ಸ್ಥಳೀಯ ಅರಿವಳಿಕೆ ಕೊಟ್ಟು ಥಿಯೇಟರಿನಲ್ಲಿ ಪೂರ್ತಿ ತೆಗೆಯಲಾಯಿತು, ಲ್ಯಾಬ್ ವರದಿ ಲಗತ್ತಿಸಿದೆ. ಬಿಲ್ಲನ್ನೂ ತಿದ್ದಿ, ಕಟ್ಟಿಸಿಕೊಂಡ ತೆರಿಗೆಯನ್ನು ವಾಪಸು ಕೊಡಿಸಿದರು. ಎರಡನೆಯ ಸಲ ಕಳಿಸಿದಾಗ ವಿಮೆಯ ಹಣ ಬಂತು. ಐದು ತಿಂಗಳ ಓಡಾಟ, ನಾಲ್ಕು ಸಾಲಿನ ಪರಿಹಾರ. ಆ ನಾಲ್ಕು ಸಾಲು ಮೊದಲ ದಿನವೇ ಬಿಲ್ಲಿನ ಜೊತೆಗಿದ್ದರೆ?

ಎರಡನೆಯ ಸಂಗತಿ ಹಣದ್ದಲ್ಲ. ಹೇಳುವಾಗ ಈಗಲೂ ಮನಸ್ಸು ಭಾರವಾಗುತ್ತದೆ.

ನಮ್ಮ ತೋಟಗಳಲ್ಲಿ ಅಡಿಕೆ ಕೊಯ್ಯುತ್ತಿದ್ದ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುತ್ತಿದ್ದ ಒಬ್ಬರಿದ್ದಾರೆ. ವರ್ಷದ ಬಹುಪಾಲು ಬರಿಗಾಲು. ಬಲ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಎಲ್ಲರೂ ಆಣಿ ಎಂದರು. ಗೇರುಬೀಜದ ಸಿಪ್ಪೆಯ ಎಣ್ಣೆ ಇಟ್ಟು ಸುಟ್ಟರು, ಹೋಗಲಿಲ್ಲ. 2021ರ ಮಳೆಗಾಲದಲ್ಲಿ ಕ್ಲಿನಿಕ್ಕೊಂದಕ್ಕೆ ಹೋದರು. ಕಾಟರಿಯಲ್ಲಿ ಸುಟ್ಟು ತೆಗೆದರು. 1,200 ರೂಪಾಯಿ. ಚೀಟಿಯಲ್ಲಿ ಬರೆದದ್ದು ‘ಮೈನರ್ ಪ್ರೊಸೀಜರ್, ಡ್ರೆಸ್ಸಿಂಗ್’. 2023ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಪ್ಪಾಯಿತು, ತೊಡೆಸಂದಿನಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿಗೆ ಕರೆದುಕೊಂಡು ಹೋದವನು ನಾನೇ.

ಅಲ್ಲಿಯ ಸರ್ಜನ್ನರು ಮೂರು ಪ್ರಶ್ನೆ ಕೇಳಿದರು. ಮೊದಲು ತೆಗೆದಾಗ ಅದು ಎಷ್ಟು ಅಗಲವಿತ್ತು? ಕತ್ತರಿಸಿದರೋ, ಸುಟ್ಟರೋ, ಸುತ್ತಲಿನ ಚರ್ಮವನ್ನು ಎಷ್ಟು ಬಿಟ್ಟು ತೆಗೆದರು? ಲ್ಯಾಬಿಗೆ ಕಳಿಸಿದ್ದರೇ, ವರದಿ ಎಲ್ಲಿ? ನಾನು ತೊಟ್ಟೆಯಿಂದ ಆ ಚೀಟಿ ತೆಗೆದು ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಹೇಳದೆ ಮೇಜಿನ ಮೇಲಿಟ್ಟರು. ಹೊಸ ಬಯಾಪ್ಸಿಯಲ್ಲಿ ಬಂದದ್ದು ಮೆಲನೋಮಾ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಅಪರೂಪ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡ ಇಂಥ ಕಡೆಗಳಲ್ಲಿ ಬರುವುದು ಹೆಚ್ಚು ಎಂದು ಅವರೇ ತಿಳಿಸಿ ಹೇಳಿದರು. ಹಿಮ್ಮಡಿಯ ಭಾಗವನ್ನೂ ತೊಡೆಸಂದಿನ ಗಡ್ಡೆಗಳನ್ನೂ ತೆಗೆದರು. ಆ ಮನುಷ್ಯ ಈಗ ಮರ ಹತ್ತುವುದಿಲ್ಲ. ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುತ್ತಾರೆ, ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುತ್ತಾರೆ.

2021ರಲ್ಲೇ ಅದು ಕ್ಯಾನ್ಸರ್ ಆಗಿತ್ತು ಎಂದು ನಾನು ಹೇಳುವುದಿಲ್ಲ. ಆ ಡಾಕ್ಟರು ತಪ್ಪು ಮಾಡಿದರು ಎಂದೂ ಹೇಳುವುದಿಲ್ಲ. ಅದು ಏನಾಗಿತ್ತು ಎಂದು ಈಗ ಯಾರಿಗೂ ಹೇಳಲಾಗದು. ನನ್ನ ದೂರು ಅಷ್ಟೇ. ಸುಟ್ಟ ಮೇಲೆ ಲ್ಯಾಬಿಗೆ ಕಳಿಸಲು ತುಂಡು ಉಳಿಯುವುದಿಲ್ಲ; ಬರೆಯದಿದ್ದ ಮೇಲೆ ನೆನಪೂ ಉಳಿಯುವುದಿಲ್ಲ.

ತಂಗಿಯ ಮಗಳೊಬ್ಬಳು ಪುತ್ತೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಮಾಡುತ್ತಾಳೆ. ಅಮೆರಿಕದ ಆಸ್ಪತ್ರೆಗಳ ವೈದ್ಯರು ಬರೆದ ಟಿಪ್ಪಣಿಯನ್ನು ಓದಿ, ಯಾವ ರೋಗಕ್ಕೆ ಯಾವ ಚಿಕಿತ್ಸೆ ಆಯಿತು ಎಂಬುದನ್ನು ಅಂಕಿಗಳಿಗೆ ಇಳಿಸುವ ಕೆಲಸ. ನಿಮ್ಮ ಆಸ್ಪತ್ರೆಗಳ ಸುತ್ತಲಿನ ಮನೆಗಳಿಂದಲೇ ಹೋದ ಎಷ್ಟೋ ಮಕ್ಕಳು ಇದೇ ಕೆಲಸದಲ್ಲಿದ್ದಾರೆ. ಕಳೆದ ಜಾತ್ರೆಗೆ ಬಂದಿದ್ದಾಗ ಅತ್ತಿಗೆಯ ಹಳೆಯ ಬಿಲ್ಲನ್ನು ಅವಳಿಗೆ ತೋರಿಸಿದೆ. ‘ಮಾವಾ, ಇದಕ್ಕೆ ನಾನು ಕೋಡ್ ಹಾಕಲಿಕ್ಕೇ ಆಗುವುದಿಲ್ಲ. ಇದರಲ್ಲಿ ಏನೂ ಇಲ್ಲವಲ್ಲ’ ಎಂದಳು.

ಅವಳು ವಿವರಿಸಿದ್ದನ್ನು ಕೇಳಿ ನನಗೆ ಅಡಿಕೆಯ ಚೀಟಿಯೇ ನೆನಪಾಯಿತು. ಅವರಲ್ಲಿ ಸಿಪಿಟಿ ಎಂಬ ಚಿಕಿತ್ಸಾ ಕೋಡುಗಳ ಪುಸ್ತಕವಿದೆ. ಅಮೆರಿಕದ ವೈದ್ಯರ ಸಂಘ 1966ರಲ್ಲಿ ಮೊದಲು ಹೊರತಂದದ್ದು. ಚರ್ಮದ ಗಂಟನ್ನು ಪೂರ್ತಿ ಕತ್ತರಿಸಿ ತೆಗೆದರೆ ಒಂದು ಸಾಲಿನ ಕೋಡು, ಮೇಲ್ಮೈಯಿಂದ ಹೆರೆದು ತೆಗೆದರೆ ಇನ್ನೊಂದು, ಸುಟ್ಟರೆ ಅಥವಾ ತಂಪು ಹೊಡೆದು ನಾಶಮಾಡಿದರೆ ಮತ್ತೊಂದು. ಬೆನ್ನು, ಕೈಕಾಲಿಗೆ ಒಂದು, ಮುಖಕ್ಕೆ ಬೇರೆ. ನಿರಪಾಯದ ಗಂಟಿಗೆ 114ರಿಂದ ಶುರುವಾಗುವ ಸಾಲು, ಕ್ಯಾನ್ಸರಿಗೆ 116ರಿಂದ ಶುರುವಾಗುವ ಸಾಲು. ಅಳತೆಯೆಂದರೆ ಗಂಟಿನದಷ್ಟೇ ಅಲ್ಲ. ಒಂದು ಸೆಂಟಿಮೀಟರಿನ ಗಂಟನ್ನು ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆದರೆ ಬರೆಯಬೇಕಾದ್ದು 1.4 ಸೆಂಟಿಮೀಟರ್, ಬೆನ್ನಿನ ಮೇಲಿನ ನಿರಪಾಯದ ಗಂಟಾದರೆ ಕೋಡು 11402. ಅದನ್ನು ಕತ್ತರಿಸುವ ಮೊದಲೇ ಅಳೆಯಬೇಕು, ಯಾಕೆಂದರೆ ಫಾರ್ಮಲಿನ್ ಬಾಟಲಿಗೆ ಬಿದ್ದ ತುಂಡು ಕುಗ್ಗುತ್ತದೆ. ಡಾಕ್ಟರು ಅಳತೆ ಬರೆಯದಿದ್ದರೆ ಅತಿ ಚಿಕ್ಕ ಅಳತೆಯ ಕೋಡನ್ನೇ ಹಾಕಬೇಕು, ನಷ್ಟ ಆಸ್ಪತ್ರೆಗೆ. ಲ್ಯಾಬಿನ ವರದಿ ಬರುವವರೆಗೆ ಬಿಲ್ಲನ್ನು ತಡೆದಿಡುತ್ತಾರೆ, ಏಕೆಂದರೆ ಅದು ನಿರಪಾಯದ್ದೋ ಅಲ್ಲವೋ ಎಂದು ಹೇಳಬೇಕಾದ್ದು ಲ್ಯಾಬು, ಬಿಲ್ ಬರೆಯುವವರ ಊಹೆಯಲ್ಲ.

ಅಮೆರಿಕದ ಆಸ್ಪತ್ರೆಯ ಬಿಲ್ಲು ನೋಡಿ ಅಲ್ಲಿಯವರೇ ಹೆದರುತ್ತಾರೆ ಎಂಬುದು ನನಗೆ ಗೊತ್ತು. ಆ ದರವೂ ಬೇಡ, ಆ ಪುಸ್ತಕವೂ ನಮಗೆ ಬೇಡ. ನನಗೆ ಹಿಡಿಸಿದ್ದು ಒಂದೇ ಶಿಸ್ತು: ಡಾಕ್ಟರು ಬರೆಯದ್ದನ್ನು ಬಿಲ್ ಬರೆಯುವವರು ಊಹಿಸುವಂತಿಲ್ಲ. ನಮ್ಮ ಊರಿನ ಮಗಳು ಬೆಂಗಳೂರಿನಲ್ಲಿ ಕುಳಿತು ಕಾಣದ ದೇಶದ ಕಾಣದ ರೋಗಿಯ ಗಂಟಿನ ಮಿಲಿಮೀಟರ್ ಲೆಕ್ಕ ಇಡುತ್ತಾಳೆ. ಅವಳ ಸ್ವಂತ ಅತ್ತೆಯ ಗಂಟಿನ ಲೆಕ್ಕ ನಮ್ಮಲ್ಲಿ ಯಾರೂ ಇಟ್ಟಿರಲಿಲ್ಲ.

ಕೋಡು ನಮಗೂ ಹೊಸತಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಮೆಯ ಕ್ಲೇಮ್ ಫಾರ್ಮಿನಲ್ಲಿ ‘ಎ’ ಭಾಗ ರೋಗಿಯದ್ದು, ‘ಬಿ’ ಭಾಗ ಆಸ್ಪತ್ರೆಯದ್ದು. ಆ ‘ಬಿ’ ಭಾಗದಲ್ಲಿ ಐಸಿಡಿ-10 ಎಂಬ ರೋಗಗಳ ಪಟ್ಟಿಯ ಕೋಡು ಬರೆಯಲು ಚೌಕಗಳಿವೆ. ನನ್ನ ಕೈಗೆ ಬಂದ ಫಾರ್ಮುಗಳಲ್ಲಿ ಆ ಚೌಕಗಳು ಹೆಚ್ಚಾಗಿ ಖಾಲಿ. ವಿಶ್ವ ಆರೋಗ್ಯ ಸಂಸ್ಥೆಯ ಆ ಪಟ್ಟಿಯಲ್ಲಿ ನರೋಲಿ ಬಿ 07, ಆಣಿ ಎಲ್ 84, ಮಚ್ಚೆ ಡಿ 22, ಕೊಬ್ಬಿನ ಗಂಟು ಡಿ 17, ಅತ್ತಿಗೆಗೆ ಆದಂಥ ಚೀಲದ ಗಂಟು ಎಲ್ 72, ಮೆಲನೋಮಾ ಸಿ 43. ಹಿಮ್ಮಡಿಯ ಮೇಲೆ ಒಂದು ಕಪ್ಪು ಕಲೆ ಇದ್ದರೆ ಅದು ಎಲ್ 84, ಬಿ 07, ಡಿ 22, ಸಿ 43 ಈ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಆ ನಾಲ್ಕರ ನಡುವಿನ ದೂರ ಎಷ್ಟೆಂದು ಆ ತೋಟದ ಕೆಲಸಗಾರರ ಮನೆಯವರನ್ನು ಕೇಳಬೇಕು. ‘ಮೈನರ್ ಪ್ರೊಸೀಜರ್’ ಎಂಬ ಶಬ್ದ ನಾಲ್ಕನ್ನೂ ಒಂದೇ ಗೋಣಿಗೆ ತುಂಬುತ್ತದೆ.

ಹಾಗಾಗಿ, ಡಾಕ್ಟರೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಮೈಯಿಂದ ಏನನ್ನಾದರೂ ತೆಗೆಯುವಾಗ, ಅದು ಅಕ್ಕಿಕಾಳಿನಷ್ಟಿದ್ದರೂ, ಎಲ್ಲಿಂದ ತೆಗೆದಿರಿ, ತೆಗೆಯುವ ಮೊದಲು ಎಷ್ಟಿತ್ತು, ಕತ್ತರಿಸಿದಿರೋ ಹೆರೆದಿರೋ ಸುಟ್ಟಿರೋ, ಎಷ್ಟು ಹೊಲಿಗೆ ಹಾಕಿದಿರಿ ಎಂದು ಬರೆಯಿರಿ. ಯಾಕೆ ತೆಗೆದಿರಿ ಎಂದೂ ಬರೆಯಿರಿ. ರಕ್ತ ಬರುತ್ತಿತ್ತೇ, ಬೆಳೆಯುತ್ತಿತ್ತೇ, ಕೀವಾಗಿತ್ತೇ, ಬಣ್ಣ ಬದಲಾಗಿತ್ತೇ, ಸಂಶಯವಿತ್ತೇ. ಲ್ಯಾಬಿಗೆ ಕಳಿಸಿದ್ದರೆ ಹಾಗೆಂದು, ಕಳಿಸದಿದ್ದರೆ ಯಾಕೆ ಬೇಡವೆನಿಸಿತು ಎಂದು ಒಂದು ಸಾಲು. ಸಂಶಯವಿರುವುದನ್ನು, ಅದರಲ್ಲೂ ಅಂಗಾಲಿನ ಕಪ್ಪು ಕಲೆಯನ್ನು, ದಯವಿಟ್ಟು ಸುಡಬೇಡಿ. ಲ್ಯಾಬಿನ ಖರ್ಚು ಎಷ್ಟಾಗುತ್ತದೆ ಎಂದು ಮೊದಲೇ ಹೇಳಿದರೆ ನಮ್ಮ ಜನ ಕೊಡುತ್ತಾರೆ. ‘ಖರ್ಚು ಬೇಡ ಡಾಕ್ಟ್ರೇ’ ಎಂದು ಅವರೇ ಅಂದರೂ ಇನ್ನೊಮ್ಮೆ ತಿಳಿಸಿ ಹೇಳಿ. ನಿಮ್ಮ ಮಾತಿಗೆ ಊರಿನಲ್ಲಿ ಇರುವ ಬೆಲೆ ಬೇರೆ ಯಾರ ಮಾತಿಗೂ ಇಲ್ಲ.

ವರದಿ ಬಂದ ಮೇಲೆ ಅದು ನಿಮ್ಮ ಫೈಲಿನಲ್ಲೇ ಉಳಿಯದಿರಲಿ. ರೋಗಿಯ ಕೈಗೆ ಕೊಡಿ, ಅದರ ಅರ್ಥವನ್ನು ಕನ್ನಡದಲ್ಲೋ ತುಳುವಿನಲ್ಲೋ ಅರೆಭಾಷೆಯಲ್ಲೋ ಎರಡು ಮಾತಿನಲ್ಲಿ ಹೇಳಿ. ಹೊಲಿಗೆ ಬಿಚ್ಚಲು ಬರುವ ದಿನ ವರದಿಯೂ ಸಿಗುವಂತೆ ಮಾಡಿದರೆ ಒಂದು ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. ಗುತ್ತಿಗಾರಿನ ಒಳಗಿನಿಂದ ಸುಳ್ಯಕ್ಕೆ, ಸುಬ್ರಹ್ಮಣ್ಯದ ಆಚೆಯಿಂದ ಪುತ್ತೂರಿಗೆ ಬರುವವರಿಗೆ ಅದು ಸಣ್ಣ ಸಂಗತಿಯಲ್ಲ.

ಬಿಲ್ ಕೌಂಟರಿನ ತಂಗೀ, ತಮ್ಮಾ, ನಿಮಗೂ ಒಂದು ಮಾತು. ನಿಮ್ಮ ಮುಂದಿನ ಪರದೆಯಲ್ಲಿ ಇಲ್ಲದ್ದನ್ನು ನೀವು ಬರೆಯಲಾರಿರಿ ಎಂದು ನನಗೆ ಅರ್ಥವಾಗುತ್ತದೆ. ಆದರೆ ಆ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದನ್ನು ಮಾಡಿಕೊಟ್ಟವರಿಗೆ ಹೇಳಿ ಚರ್ಮದ ಚಿಕಿತ್ಸೆಯನ್ನೂ ಕಾಸ್ಮೆಟಿಕ್ಕನ್ನೂ ಬೇರೆ ಬೇರೆ ಮಾಡಿಸಿ. ಯಾವುದನ್ನು ಒತ್ತಬೇಕೆಂದು ಸಂಶಯವಾದರೆ ಡಾಕ್ಟರ ಚೀಟಿ ನೋಡಿ, ಚೀಟಿಯಲ್ಲಿ ಇಲ್ಲದಿದ್ದರೆ ಎದ್ದುಹೋಗಿ ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ. ಅರಿವಳಿಕೆ, ಹೊಲಿಗೆ ದಾರ, ಥಿಯೇಟರಿನ ಬಾಡಿಗೆ, ಡಾಕ್ಟರ ಫೀಸು, ಲ್ಯಾಬು ಇವೆಲ್ಲ ಬೇರೆ ಬೇರೆಯಾಗಿ ಕಾಣಲಿ. ಒಂದೇ ಸಲ ಮೂರು ಗಂಟು ತೆಗೆದಿದ್ದರೆ ಮೂರೂ ಎಲ್ಲೆಲ್ಲಿಯವು ಎಂದು ಕಾಣಲಿ. ಮೊತ್ತ ಹೆಚ್ಚಾಯಿತೆಂದು ಜಗಳಕ್ಕೆ ಬರುವವರಿಗಿಂತ, ಯಾಕೆ ಅಷ್ಟಾಯಿತೆಂದು ತಿಳಿಯದೆ ಮನಸ್ಸಿನಲ್ಲೇ ಮುನಿಸಿಕೊಂಡು ಹೋಗುವವರು ಹೆಚ್ಚು. ವಿವರ ಬರೆದ ಬಿಲ್ಲು ನಿಮ್ಮ ಆಸ್ಪತ್ರೆಯ ಮಾನವನ್ನೂ ಕಾಯುತ್ತದೆ.

ಸರಕಾರದ ಕಾರ್ಡಿನ ಬಗ್ಗೆಯೂ ಹೇಳಬೇಕು. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆಯಿದೆ. ಅಲ್ಲಿಯೂ ಎಲ್ಲ ನಿಂತಿರುವುದು ಕೋಡಿನ ಮೇಲೆಯೇ. ಸರಳ ದ್ವಿತೀಯ ಹಂತವೆಂದು ಗುರುತಿಸಿದ ಚಿಕಿತ್ಸೆಗಳು ಸರಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅದಕ್ಕಿಂತ ಮೇಲಿನದ್ದಕ್ಕೆ ತುರ್ತು ಇಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದು ತಿಳಿಯದ ಎಷ್ಟೋ ಮಂದಿ ಕಾರ್ಡು ಕಿಸೆಯಲ್ಲಿಟ್ಟುಕೊಂಡೇ ನಿಮ್ಮಲ್ಲಿ ನಗದು ಕಟ್ಟಿ ಹೋಗುತ್ತಾರೆ. ಚಾಕು ಹಿಡಿಯುವ ಮೊದಲು ಕಾರ್ಡಿದೆಯೇ ಎಂದು ಒಂದು ಮಾತು ಕೇಳಿ. ಪುತ್ತೂರಿನ ಅಥವಾ ಸುಳ್ಯದ ತಾಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಆಗುವಂಥದ್ದಾದರೆ ಅಲ್ಲಿಗೆ ಹೋಗಲು ಹೇಳಿ. ನಿಮ್ಮದು ಯೋಜನೆಗೆ ಸೇರಿದ ಆಸ್ಪತ್ರೆಯಾದರೆ ಅಲ್ಲಿಯ ಆರೋಗ್ಯಮಿತ್ರರ ಮೇಜು ಎಲ್ಲಿದೆಯೆಂದು ತೋರಿಸಿ. ಯಶಸ್ವಿನಿಯೂ 2018ರಲ್ಲಿ ನಿಂತದ್ದು ಮತ್ತೆ ಶುರುವಾಗಿದೆ. ಸಹಕಾರಿ ಸಂಘದ ಸದಸ್ಯರಿಗೆ ಅದೂ ಇದೆಯೆಂದು ನೆನಪು ಮಾಡಿದರೆ ನೀವು ಕಳೆದುಕೊಳ್ಳುವುದು ಒಂದು ಬಿಲ್ಲನ್ನು, ಗಳಿಸುವುದು ಒಂದು ಮನೆಯನ್ನು.

ಇನ್ನು, ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ. ‘ಒಂದು ದಿನ ಎಡ್ಮಿಟ್ ಆಗಿದ್ದಾರೆ ಎಂದು ಬರೆದುಕೊಡಿ ಡಾಕ್ಟ್ರೇ, ಇನ್ಶೂರೆನ್ಸ್ ಸಿಗುತ್ತದೆ’ ಎಂದು ನಿಮ್ಮನ್ನು ಪೀಡಿಸುವವರು ನಮ್ಮ ಜನರೇ. ಮದುವೆಗೆ ಮುಂಚೆ ಗಲ್ಲದ ಮಚ್ಚೆ ತೆಗೆಸಿಕೊಂಡು ‘ರಕ್ತ ಬರುತ್ತಿತ್ತು ಎಂದು ಹಾಕಿ’ ಎನ್ನುವವರೂ ಇದ್ದಾರೆ. ಇದಕ್ಕೆ ದಯವಿಟ್ಟು ಒಪ್ಪಬೇಡಿ. ಅಂದಕ್ಕಾಗಿ ತೆಗೆಸಿಕೊಳ್ಳುವುದು ತಪ್ಪಲ್ಲ; ಅದು ಅವರ ಇಷ್ಟ, ಅವರ ಹಣ, ಅದಕ್ಕೆ ತೆರಿಗೆಯೂ ಅವರದ್ದೇ. ಆದರೆ ಇಲ್ಲದ ರಕ್ತವನ್ನು ಬರೆದರೆ ನಾಳೆ ನಿಜವಾಗಿ ರಕ್ತ ಬರುವವನ ಕಾಗದವನ್ನು ವಿಮಾ ಕಂಪೆನಿ ನಂಬುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯ ಸುಳ್ಳು ಬೇಕಾಗಿಯೂ ಇಲ್ಲ. ಅರಿವಳಿಕೆ ಕೊಟ್ಟು ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗೆ ಡೇ ಕೇರ್ ಎಂಬ ದಾರಿ ವಿಮೆಯಲ್ಲೇ ಇದೆ. ಹೊರರೋಗಿ ಕೊಠಡಿಯಲ್ಲಿ ಸಾಮಾನ್ಯವಾಗಿ ಮುಗಿಸುವ ಕೆಲಸ ಮಾತ್ರ ಅದರಲ್ಲಿ ಸೇರುವುದಿಲ್ಲ. ಯಾವುದು ಯಾವುದೆಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಸಿಗುವುದು ಸಿಗಲಿ, ಸಿಗದ್ದು ಬೇಡ. ನಮ್ಮವರಿಗೆ ತಿಳಿಹೇಳುವ ಕೆಲಸ ನನ್ನದು.

ನಿಮ್ಮ ಕಷ್ಟವೂ ನನಗೆ ಕಾಣದ್ದಲ್ಲ. ಬೆಳಿಗ್ಗೆ ಎಂಟಕ್ಕೆ ಕುಳಿತವರು ರಾತ್ರಿ ಎಂಟಕ್ಕೂ ಎದ್ದಿರುವುದಿಲ್ಲ. ಡೆಂಗ್ಯೂವಿನ ಕಾಲದಲ್ಲಿ ವರಾಂಡದಲ್ಲೂ ಮಂಚ ಹಾಕುತ್ತೀರಿ. ಸರಕಾರದ ಪ್ಯಾಕೇಜಿನ ಹಣಕ್ಕೂ ವಿಮೆಯ ಹಣಕ್ಕೂ ಕಾಯಬೇಕಾಗುತ್ತದೆ. ಕೆಲಸ ಕಲಿತ ಹುಡುಗರು ಮಂಗಳೂರಿಗೋ ಗಲ್ಫಿಗೋ ಹೋಗಿಬಿಡುತ್ತಾರೆ. ಇದರ ನಡುವೆ ಇನ್ನೂ ಒಂದು ಹಾಳೆ ಬರೆಯಿರಿ ಎಂದರೆ ಬೇಸರವಾಗುವುದು ಸಹಜ. ಆದರೆ ನಾನು ಕೇಳುತ್ತಿರುವುದು ಹಾಳೆಯನ್ನಲ್ಲ, ನಾಲ್ಕು ಸಾಲನ್ನು. ಒಮ್ಮೆ ಅಚ್ಚು ಹಾಕಿಸಿದ ಚೀಟಿಯಿದ್ದರೆ ಸಾಕು. ಜಾಗ, ಅಳತೆ, ವಿಧಾನ, ಕಾರಣ, ಲ್ಯಾಬು ಇಷ್ಟಕ್ಕೆ ಖಾಲಿ ಜಾಗ ಬಿಟ್ಟ ಚೀಟಿಯನ್ನು ತುಂಬಲು ಗ್ಲೌಸ್ ತೆಗೆದ ಮೇಲಿನ ಒಂದು ನಿಮಿಷ ಸಾಕು.

ಕಾನೂನಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದರಿಂದ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೀವೆಲ್ಲ ನೋಂದಾಯಿಸಿಕೊಂಡಿದ್ದೀರಿ. ಚಿಕಿತ್ಸೆಯ ದರಗಳು ಜನರಿಗೆ ತಿಳಿಯುವಂತಿರಬೇಕು ಎಂಬುದು ಅದರಲ್ಲಿದೆ. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದೂ ಸೇರಿತು. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳಲ್ಲಿ ಒಳರೋಗಿಗಳ ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದಿದೆ. ದೂರು ಕೊಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಮಂಗಳೂರಿನಲ್ಲಿ ಗ್ರಾಹಕರ ಆಯೋಗವಿದೆ, ವಿಮೆಯವರ ಮೇಲಾದರೆ ಬೆಂಗಳೂರಿನಲ್ಲಿ ಓಂಬುಡ್ಸ್‌ಮನ್ ಇದ್ದಾರೆ. ಈ ವಿಳಾಸಗಳೆಲ್ಲ ನನ್ನ ಡೈರಿಯಲ್ಲಿವೆ. ನಿಮ್ಮ ವಿರುದ್ಧ ಅವನ್ನು ಯಾರಿಗೂ ಬರೆದುಕೊಡುವ ಸಂದರ್ಭ ಬರಬಾರದು ಎಂಬ ಆಸೆಯಿಂದಲೇ ಈ ಪತ್ರ. ಹಗಲು ರಾತ್ರಿಯೆನ್ನದೆ ನಮ್ಮ ಮಕ್ಕಳ ಜ್ವರ ನೋಡಿದವರು, ನಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದವರು ನೀವು. ನಿಮ್ಮ ಎದುರು ಆಯೋಗದ ಮುಂದೆ ನಿಲ್ಲುವುದು ನಮಗೆ ಶೋಭೆಯಲ್ಲ.

ನಾಲ್ಕು ಸಾಲಿನ ಆ ಚೀಟಿಯ ಒಂದು ನಮೂನೆಯನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಊರಿನ ಹೆಸರುಗಳೇ ಅದರಲ್ಲಿವೆ: ಆಣಿ, ನರೋಲಿ, ಮಚ್ಚೆ, ಬೊಕ್ಕೆ, ಕೊಬ್ಬಿನ ಗಂಟು, ಚೀಲದ ಗಂಟು. ಪಕ್ಕದಲ್ಲಿ ತಂಗಿಯ ಮಗಳು ಐಸಿಡಿ ಕೋಡು ಬರೆದುಕೊಟ್ಟಿದ್ದಾಳೆ. ನಿಮ್ಮಲ್ಲಿ ಯಾರಾದರೂ ಒಂದು ಮಾತು ಹೇಳಿ ಕಳಿಸಿದರೆ ನಾನೇ ಬಸ್ಸು ಹತ್ತಿ ತಂದು ಮುಟ್ಟಿಸುತ್ತೇನೆ. ತಪ್ಪಿದ್ದರೆ ತಿದ್ದಿ. ಅಚ್ಚಿನ ಖರ್ಚು ಭಾರವೆನಿಸಿದರೆ ಅದನ್ನೂ ನಮ್ಮ ಊರಿನ ನಾಲ್ಕು ಮಂದಿ ಸೇರಿ ಕೊಡಲು ಸಿದ್ಧರಿದ್ದೇವೆ. ಈ ಮಳೆಗಾಲ ಕಳೆದು ಅಡಿಕೆ ಕೊಯ್ಲು ಶುರುವಾಗುವ ಮೊದಲು ಮೂರು ತಾಲೂಕುಗಳ ಒಂದೊಂದು ಆಸ್ಪತ್ರೆಯಾದರೂ ಅದನ್ನು ಬಳಸಲು ಆರಂಭಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತು,
ನಿಮ್ಮ ವಿಶ್ವಾಸಿ,
ಕಡಬ ತಾಲೂಕಿನ ಒಬ್ಬ ನಿವೃತ್ತ ಸಹಕಾರಿ ಸಂಘದ ಕಾರ್ಯದರ್ಶಿ